ವಸಂತಕಾಲದಲ್ಲಿ ತೋಡಿನ ದಾರಿ ಹಿಡಿದು ನಡೆಯುವ ವಿಷಯ



ವಸಂತಋತುವಿನ ವರ್ಣನೆಯನ್ನು ನಾವೆಲ್ಲರೂ ಶಾಲೆಯ ಪುಸ್ತಕಗಳಲ್ಲಿ ಓದಿರುವೆವು. ಚಳಿದೇಶಗಳಲ್ಲಿ ಹಿಮವು ಕರಗಿ, ಸತ್ತಂತಿದ್ದ ನೆಲವು ಹಸುರಾಗಿ, ಹೊಳೆಗಳು ತುಂಬಿ ಹರಿಯುವ ಕಾಲವನ್ನು ವಸಂತವೆನ್ನುತ್ತಾರೆ. ಆದರೆ ಪುತ್ತೂರು, ಸುಳ್ಯ, ಕಡಬ ಎಂಬ ಈ ಮೂರು ತಾಲೂಕುಗಳಲ್ಲಿ ವಾಸಿಸುವ ನಮ್ಮ ಕಡೆಗೆ ವಸಂತವು ಬರುವ ರೀತಿಯೇ ಬೇರೆ. ತುಳುವರು ಸುಗ್ಗಿ, ಪಗ್ಗು ಎಂದು ಕರೆಯುವ ತಿಂಗಳುಗಳೇ ನಮ್ಮ ವಸಂತಕಾಲ. ಅದಕ್ಕೂ ಸ್ವಲ್ಪ ಮುಂಚೆಯೇ ಎಲೆ ಉದುರಿಸಿ ಬರಿದಾಗಿ ನಿಂತ ಬೂರುಗದ ಮರವು ಕೆಂಪು ಹೂಗಳನ್ನು ತೊಡುತ್ತದೆ. ಅದರ ಹಿಂದೆಯೇ ಹಾಲುವಾಣವು ಅರಳುತ್ತದೆ. ಸುರಗಿಯ ಕೊಂಬೆಗಳಿಗೆ ಬಿಳಿ ಹೂಗಳು ಅಂಟಿಕೊಂಡು ದಾರಿಹೋಕರಿಗೆ ದೂರದಿಂದಲೇ ಪರಿಮಳವನ್ನು ಕಳುಹಿಸುತ್ತವೆ. ಬೇಲಿಯ ಬದಿಗಳಲ್ಲಿ ಕೇಪುಳವು ಕೆಂಪಾಗುತ್ತದೆ. ಬಿಸು ಹಬ್ಬದ ಹೊತ್ತಿಗೆ ಕಕ್ಕೆಯ ಮರವು ಹಳದಿ ಗೊಂಚಲುಗಳನ್ನು ತೂಗಬಿಡುತ್ತದೆ. ಗೇರು, ಕಾಟುಮಾವು, ಹಲಸು, ಪುನರ್ಪುಳಿ, ಕರಂಡೆ ಒಂದರ ಹಿಂದೊಂದು ಹಣ್ಣಾಗುತ್ತವೆ.

ಆದರೆ ಇದೇ ತಿಂಗಳುಗಳಲ್ಲಿ ನಮ್ಮ ಬಾವಿಯ ಹಗ್ಗವು ದಿನದಿನಕ್ಕೆ ಉದ್ದವಾಗುತ್ತದೆ. ತೋಡುಗಳು ನಿಂತುಹೋಗುತ್ತವೆ. ಅಡಿಕೆಯ ತೋಟದವನು ಆಕಾಶವನ್ನು ನೋಡುತ್ತಾನೆ; ಕೊಡ ಹೊತ್ತ ತಾಯಿಯು ನೆರೆಮನೆಯವರ ಮುಖವನ್ನು ನೋಡುತ್ತಾಳೆ. ಹೂವೂ ಬರವೂ ಒಟ್ಟಿಗೆ ಬರುವ ಈ ಕಾಲವನ್ನು ನಾವು ಹೇಗೆ ಆಚರಿಸಬೇಕು? ಈ ಪಾಠದಲ್ಲಿ ಅದನ್ನು ವಿಚಾರಿಸೋಣ. ಮುಖ್ಯವಾದ ಮಾತು ಒಂದೇ: ಮಳೆಗಾಲವು ನೆಲದ ಗಾಯಗಳನ್ನು ಹಸುರು ಬಟ್ಟೆಯಿಂದ ಮುಚ್ಚಿಬಿಡುತ್ತದೆ, ವಸಂತಕಾಲವು ಅವುಗಳನ್ನು ತೆರೆದು ತೋರಿಸುತ್ತದೆ. ಆದಕಾರಣ ಊರಿನವರು ಕೂಡಿ ನಡೆದು ನೋಡುವದಕ್ಕೆ ಇದಕ್ಕಿಂತ ತಕ್ಕ ಕಾಲವಿಲ್ಲ.

೧. ನಮ್ಮ ನೆಲದ ಸ್ಥಿತಿ

ನಮ್ಮ ಮೂರು ತಾಲೂಕುಗಳು ಘಟ್ಟದ ಬುಡದಲ್ಲಿ ಹರಡಿಕೊಂಡಿವೆ. ಕೊಡಗಿನ ಪುಷ್ಪಗಿರಿಯ ಕಡೆಯಿಂದ ಇಳಿದು ಬರುವ ಕುಮಾರಧಾರಾ ನದಿಯು ಸುಬ್ರಹ್ಮಣ್ಯದ ಮೇಲೆ ಹಾದು, ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಕೂಡಿಕೊಳ್ಳುತ್ತದೆ. ಪಯಸ್ವಿನಿಯು ಸಂಪಾಜೆ, ಸುಳ್ಯಗಳನ್ನು ದಾಟಿ ಕಾಸರಗೋಡಿನ ಕಡೆಗೆ ಹೋಗಿ, ಅಲ್ಲಿ ಚಂದ್ರಗಿರಿಯೆಂಬ ಹೆಸರಿನಿಂದ ಸಮುದ್ರವನ್ನು ಸೇರುತ್ತದೆ. ಈ ದೊಡ್ಡ ಹೊಳೆಗಳಿಗೆ ನೀರು ಎಲ್ಲಿಂದ ಬರುತ್ತದೆ? ನಮ್ಮ ನಮ್ಮ ಮನೆಗಳ ಹಿಂದಿನ ಗುಡ್ಡಗಳಿಂದ ಇಳಿಯುವ ನೂರಾರು ಸಣ್ಣ ತೋಡುಗಳಿಂದಲೇ. ಆದುದರಿಂದ ಹೊಳೆಯ ಆರೋಗ್ಯವನ್ನು ತಿಳಿಯಬೇಕಾದರೆ ತೋಡಿನ ನಾಡಿಯನ್ನು ಹಿಡಿದು ನೋಡತಕ್ಕದ್ದು.

ನಮ್ಮ ಜಿಲ್ಲೆಯಲ್ಲಿ ವರುಷಕ್ಕೆ ೩೫೦೦ ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುತ್ತದೆ. ಅದರ ಬಹುಪಾಲು ಜೂನಿನಿಂದ ಸೆಪ್ಟೆಂಬರಿನ ವರೆಗಿನ ನಾಲ್ಕೇ ತಿಂಗಳುಗಳಲ್ಲಿ ಸುರಿದು ಹೋಗುತ್ತದೆ. ಒಂದು ಚದರ ಮೀಟರು ನೆಲದ ಮೇಲೆ ಒಂದು ಮಿಲಿಮೀಟರು ಮಳೆ ಬಿದ್ದರೆ ಒಂದು ಲೀಟರು ನೀರಾಗುತ್ತದೆ. ಒಂದು ಎಕ್ರೆಗೆ ಸುಮಾರು ೪೦೪೭ ಚದರ ಮೀಟರು. ಲೆಕ್ಕ ಮಾಡಿ ನೋಡಿರಿ: ಒಂದು ಎಕ್ರೆ ಗುಡ್ಡದ ಮೇಲೆ ಒಂದು ವರುಷದಲ್ಲಿ ಬೀಳುವ ನೀರು ಒಂದು ಕೋಟಿ ನಾಲ್ವತ್ತು ಲಕ್ಷ ಲೀಟರಿಗಿಂತ ಕಡಿಮೆಯಾಗಲಾರದು. ಇಷ್ಟು ದೊರಕಿದವನು ಎಪ್ರಿಲ್ ತಿಂಗಳಲ್ಲಿ ಒಂದು ಕೊಡ ನೀರಿಗಾಗಿ ಅಲೆಯುವದಾದರೆ, ತಪ್ಪು ಮಳೆಯದ್ದೆಂದು ಹೇಳಬಹುದೇ?

ನಮ್ಮ ಗುಡ್ಡಗಳು ಹೆಚ್ಚಾಗಿ ಮುರಕಲ್ಲಿನವು. ಮುರಕಲ್ಲು ಜೇನುಹುಟ್ಟಿನ ಹಾಗೆ ತೂತುತೂತಾದದ್ದು. ಮೇಲೆ ಮರಗಳ ನೆರಳೂ, ಕೆಳಗೆ ತರಗೆಲೆಯ ಹಾಸಿಗೆಯೂ ಇದ್ದರೆ ಮಳೆಯ ನೀರು ಮೆಲ್ಲನೆ ಒಳಗಿಳಿದು, ಗುಡ್ಡದ ಹೊಟ್ಟೆಯಲ್ಲಿ ನಿಂತು, ಮಳೆ ಹೋದ ಮೇಲೆಯೂ ತಿಂಗಳುಗಟ್ಟಲೆ ಬುಡದಲ್ಲಿ ಒಸರುತ್ತದೆ. ನಮ್ಮ ಹಿರಿಯರು ಇದನ್ನು ತಿಳಿದೇ ಗುಡ್ಡದ ಓರೆಯಲ್ಲಿ ಸುರಂಗ ಕೊರೆದು ಒಸರನ್ನು ಮನೆಗೆ ತಂದರು. ಎತ್ತರದ ತಗ್ಗುಗಳಲ್ಲಿ ಮದಕಗಳನ್ನು ಕಟ್ಟಿ ಮಳೆನೀರನ್ನು ನಿಲ್ಲಿಸಿದರು. ತರಗೆಲೆಯನ್ನು ಗುಡಿಸಿ ಸುಟ್ಟು, ಯಂತ್ರದಿಂದ ಗುಡ್ಡವನ್ನು ಮೆಟ್ಟಿಲುಗಳಾಗಿ ಕಡಿದು, ನೆಲವನ್ನು ಬಿಸಿಲಿಗೆ ಬಿಟ್ಟರೆ ಅದೇ ನೀರು ಕೆಂಪಾಗಿ, ಮಣ್ಣನ್ನು ಹೊತ್ತುಕೊಂಡು, ಒಂದೇ ದಿನದಲ್ಲಿ ಹೊಳೆಗೆ ಓಡುತ್ತದೆ.

೨. ಗುಡ್ಡಗಳು ಬರಿದಾದ ಬಗೆ

ಇದು ಒಬ್ಬನಿಂದಾಗಲಿ ಒಂದು ದಿನದಲ್ಲಾಗಲಿ ಆದ ಕೆಲಸವಲ್ಲ. ೧೮೬೫ರಲ್ಲಿ ಬಾಸೆಲ್ ಮಿಶನಿನವರು ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆಯನ್ನು ಸ್ಥಾಪಿಸಿದರು. ಅದರಿಂದ ಬಹು ಕುಟುಂಬಗಳಿಗೆ ಅನ್ನವೂ, ಸಾವಿರಾರು ಮನೆಗಳಿಗೆ ಒಳ್ಳೇ ಮಾಡೂ ದೊರಕಿದ್ದು ಸತ್ಯ. ಆದರೆ ಹಂಚು ಸುಡುವ ಭಟ್ಟಿಗಳಿಗೆ ಸೌದೆ ಬೇಕಾಗಿತ್ತು; ಮುಂದೆ ಕಾರ್ಖಾನೆಗಳು ಹೆಚ್ಚಿದಂತೆ ಆ ಸೌದೆಯು ಒಳನಾಡಿನ ಕಾಡುಗಳಿಂದಲೇ ಹೋಗಬೇಕಾಯಿತು. ಈ ಮಾತನ್ನು ನಾವು ಮೊದಲಾಗಿ ಒಪ್ಪಿಕೊಳ್ಳುವದು ನ್ಯಾಯ.

ನಮ್ಮ ಜಿಲ್ಲೆಯಲ್ಲಿ ವರ್ಗ ಜಮೀನಿಗೆ ತಾಗಿಕೊಂಡು ನೂರು ಗಜದ ವರೆಗಿರುವ ಸರಕಾರಿ ನೆಲಕ್ಕೆ ಕುಮ್ಕಿಯೆಂದು ಹೆಸರು. ಸೊಪ್ಪು, ಸೌದೆ, ಹುಲ್ಲುಗಳನ್ನು ಅಲ್ಲಿಂದ ತೆಗೆಯುವ ಅನುಕೂಲವು ಜಮೀನಿನವನಿಗೆ ಇತ್ತು. ಹಟ್ಟಿಗೆ ಸೊಪ್ಪು ಬೇಕಾದದ್ದರಿಂದ ಅವನು ಮರದ ಗೆಲ್ಲನ್ನು ಕಡಿದರೂ ಮರವನ್ನು ಉಳಿಸುತ್ತಿದ್ದನು. ಹಟ್ಟಿಯಲ್ಲಿ ದನಗಳು ಕಡಿಮೆಯಾದ ಮೇಲೆ ಸೊಪ್ಪಿನ ಅವಶ್ಯವೂ ಕಡಿಮೆಯಾಯಿತು. ಕುಮ್ಕಿಯು ಮೊದಲು ಗೇರಿನ ಹಾಡಿಯಾಗಿ, ಆ ಮೇಲೆ ರಬ್ಬರಿನದ್ದೋ ಅಡಿಕೆಯದ್ದೋ ತೋಟವಾಗಿ ಮಾರ್ಪಟ್ಟಿತು. ಸುಳ್ಯ, ಪುತ್ತೂರಿನ ಕಡೆಗಳಲ್ಲಿ ಸರಕಾರದ ಅರಣ್ಯ ಅಭಿವೃದ್ಧಿ ನಿಗಮದವರು ರಬ್ಬರಿನ ದೊಡ್ಡ ತೋಟಗಳನ್ನು ಮಾಡಿದರು. ೧೯೬೪ರ ಒಪ್ಪಂದದಂತೆ ಸಿಂಹಳದಿಂದ ಹಿಂದಿರುಗಿದ ತಮಿಳು ಕುಟುಂಬಗಳಿಗೆ ಅಲ್ಲಿ ಕೆಲಸವೂ ವಸತಿಯೂ ದೊರಕಿತು. ನೆಲೆಯಿಲ್ಲದವರಿಗೆ ನೆಲೆಯಾದದ್ದು ಒಳ್ಳೇದೇ. ಆದರೆ ಒಂದೇ ಜಾತಿಯ ಮರವು ಗುಡ್ಡವನ್ನೆಲ್ಲಾ ಆವರಿಸಿದಾಗ ಅಲ್ಲಿದ್ದ ನೂರು ಜಾತಿಗಳು ಸ್ಥಳವನ್ನು ಕಳಕೊಂಡವು.

ಇನ್ನೊಂದು ವ್ಯಸನದ ಸಂಗತಿಯನ್ನು ಇಲ್ಲಿ ಬಿಡಲಾಗದು. ನಮ್ಮ ಜಿಲ್ಲೆಯಲ್ಲಿಯೂ ನೆರೆಯ ಕಾಸರಗೋಡಿನಲ್ಲಿಯೂ ಗೇರುತೋಟಗಳ ಮೇಲೆ ೨೦೦೦ನೇ ಇಸವಿಯ ತನಕ ಎಂಡೋಸಲ್ಫಾನ್ ಎಂಬ ಕೀಟನಾಶಕವನ್ನು ಹೆಲಿಕಾಪ್ಟರಿನಿಂದ ಸಿಂಪಡಿಸುತ್ತಿದ್ದರು. ತೋಟದ ಕೆಳಗಿನ ತೋಡು, ಬಾವಿ, ಅಂಗಳ ಯಾವದೂ ತಪ್ಪಲಿಲ್ಲ. ಅದರ ಬಾಧೆಗೆ ಒಳಗಾದವರಿಗಾಗಿ ಕೊಕ್ಕಡ, ಕೊಯಿಲ ಎಂಬ ಸ್ಥಳಗಳಲ್ಲಿ ಪಾಲನಾ ಕೇಂದ್ರಗಳನ್ನು ತೆರೆಯಬೇಕಾಯಿತು. ೨೦೧೧ರ ಮೇ ತಿಂಗಳಲ್ಲಿ ದೇಶದ ಸರ್ವೋಚ್ಚ ನ್ಯಾಯಾಲಯವು ಆ ವಿಷವನ್ನು ತಡೆಯಿತು. ಗುಡ್ಡದ ಮೇಲೆ ಮಾಡಿದ್ದು ಗುಡ್ಡದ ಮೇಲೆಯೇ ನಿಲ್ಲುವದಿಲ್ಲ. ನೀರಿನ ದಾರಿ ಹಿಡಿದು ಅದು ಮನೆಗೆ ಬರುತ್ತದೆ ಎಂಬದನ್ನು ನಾವು ಇಷ್ಟು ಬೆಲೆ ಕೊಟ್ಟು ಕಲಿತೆವು.

೩. ನಡಿಗೆಯ ಕ್ರಮ

ಹಾಗಾದರೆ ನಮ್ಮಂಥ ಬಡಬಗ್ಗರ ಊರಿನವರು ಏನು ಮಾಡಬಹುದು? ಮೊದಲನೇದಾಗಿ ನಡೆಯಬಹುದು. ಅದಕ್ಕೆ ಹಣ ಬೇಡ.

ಒಂದು ಊರಿನವರು ಒಂದೇ ತೋಡನ್ನು ಆರಿಸಿಕೊಳ್ಳಲಿ. ಮಾರ್ಚಿ ತಿಂಗಳ ಕಡೆಯಲ್ಲಾಗಲಿ ಎಪ್ರಿಲಿನ ಆರಂಭದಲ್ಲಾಗಲಿ ಒಂದು ದಿನವನ್ನು ನೇಮಿಸಿ, ಬೆಳಿಗ್ಗೆ ಆರು ಗಂಟೆಗೆ ತೋಡು ಹೊಳೆಗೆ ಸೇರುವ ಸ್ಥಳದಲ್ಲಿ ಕೂಡಲಿ. ಅಲ್ಲಿಂದ ಮೇಲಕ್ಕೆ, ತೋಡು ಹುಟ್ಟುವ ಗುಡ್ಡದ ವರೆಗೆ ನಡೆಯತಕ್ಕದ್ದು. ಬಿಸಿಲೇರುವ ಮುಂಚೆ, ಒಂಭತ್ತು ಗಂಟೆಯೊಳಗೆ ಮುಗಿಸುವದು ಒಳ್ಳೇದು. ಹಕ್ಕಿಗಳು ಕಾಣಿಸುವದೂ ಆ ಹೊತ್ತಿನಲ್ಲಿಯೇ.

ಈ ನಡಿಗೆಗೆ ನಮ್ಮ ಸಭೆಯವರನ್ನು ಮಾತ್ರ ಕರೆದರೆ ಸಾಲದು. ತೋಡು ಯಾರ ಜಾತಿಯನ್ನೂ ಮತವನ್ನೂ ಕೇಳಿ ಹರಿಯುವದಿಲ್ಲ; ಮೇಲಿನ ಮನೆಯವನು ಮಾಡಿದ್ದನ್ನು ಕೆಳಗಿನ ಮನೆಯವನು ಅನುಭವಿಸುತ್ತಾನೆ. ಆದಕಾರಣ ತೋಡಿನ ಎರಡು ಬದಿಯ ಎಲ್ಲಾ ಮನೆಯವರನ್ನೂ ಕೇಳಿಕೊಳ್ಳಬೇಕು. ವಿಶೇಷವಾಗಿ ವೃದ್ಧರೊಬ್ಬರು ಸಂಗಡ ಇರಲಿ. ಯಾಕಂದರೆ, 'ಇಲ್ಲಿ ನಾವು ಬಿಸುವಿನ ತನಕ ಸ್ನಾನ ಮಾಡುತ್ತಿದ್ದೆವು' ಎಂದು ಅವರು ಬೆರಳು ತೋರಿಸಿ ಹೇಳುವ ಮಾತು ಯಾವ ಪುಸ್ತಕದಲ್ಲಿಯೂ ಸಿಕ್ಕುವದಿಲ್ಲ. ದಾರಿಯಲ್ಲಿ ನಾಗಬನವಿದ್ದರೆ ಹೊರಗಿನಿಂದಲೇ ನೋಡಿ ಮರ್ಯಾದೆಯಿಂದ ಮುಂದೆ ಹೋಗತಕ್ಕದ್ದು. ನೆರೆಯವರು ತಲೆತಲಾಂತರದಿಂದ ಕತ್ತಿ ತಾಗಿಸದೆ ಕಾದ ಆ ತುಂಡು ಕಾಡಿನಲ್ಲಿ ಈ ಗುಡ್ಡವು ಮೊದಲು ಹೇಗಿತ್ತೆಂಬ ಮಾದರಿಯು ಅನೇಕ ಕಡೆಗಳಲ್ಲಿ ಉಳಿದಿದೆ.

ಮಕ್ಕಳನ್ನು ಬಿಟ್ಟು ಹೋಗಬಾರದು. ಡಾಕ್ಟರ್ ಶಿವರಾಮ ಕಾರಂತರು (೧೯೦೨–೧೯೯೭) ಪುತ್ತೂರಿನ ಬಾಲವನದಲ್ಲಿ ವಾಸವಾಗಿದ್ದ ಕಾಲದಲ್ಲಿ, ಮಕ್ಕಳು ನಾಲ್ಕು ಗೋಡೆಗಳ ಹೊರಗೆ, ಕಣ್ಣಿನಿಂದ ನೋಡಿಯೂ ಕೈಯಿಂದ ಮಾಡಿಯೂ ಕಲಿಯಬೇಕೆಂದು ಪ್ರಯೋಗಗಳನ್ನು ನಡಿಸಿದರು. ಆ ಸ್ಥಳವು ಈಗಲೂ ಇದೆ. ಅಂಥ ಪಾಠಕ್ಕೆ ನಮ್ಮ ತೋಡಿನ ದಡವೂ ಸಾಕಾದ ಶಾಲೆಯಾಗಿದೆ.

೪. ನಡೆಯುವಾಗ ನೋಡತಕ್ಕವುಗಳು

ಬರೇ ನಡೆದು ಬಂದರೆ ಕಾಲಿಗೆ ಬಳಲಿಕೆಯಾದೀತೇ ಹೊರತು ಬುದ್ಧಿಗೆ ಲಾಭವಾಗದು. ಒಬ್ಬನ ಕೈಯಲ್ಲಿ ಪುಸ್ತಕವೂ ಸೀಸದ ಕಡ್ಡಿಯೂ ಇರಲಿ. ಐದು ಸಂಗತಿಗಳನ್ನು ಬರಕೊಳ್ಳಬೇಕು.

ಮೊದಲನೇದು ನೀರು. ಯಾವ ಸ್ಥಳದ ತನಕ ತೋಡು ಹರಿಯುತ್ತದೆ, ಎಲ್ಲಿ ಗುಂಡಿಗಳಲ್ಲಿ ಮಾತ್ರ ನಿಂತಿದೆ, ಎಲ್ಲಿ ಒಣಗಿದೆ? ಒಸರು ಉಳಿದಿರುವ ಕಡೆಯಲ್ಲಿ ತಲೆಯೆತ್ತಿ ನೋಡಿದರೆ, ಮೇಲಿನ ಗುಡ್ಡದಲ್ಲಿ ಹೆಚ್ಚಾಗಿ ಮರಗಳ ಗುಂಪೊಂದು ಕಾಣುವದು. ಹೊಳೆಯ ಆಳವಾದ ಕಯಗಳಲ್ಲಿ ಈ ಕಾಲದಲ್ಲಿ ಮೀನುಗಳೆಲ್ಲಾ ಕೂಡಿಕೊಂಡಿರುತ್ತವೆ. ಸುಳ್ಯದ ತೊಡಿಕಾನದಲ್ಲಿ ದೇವಸ್ಥಾನದ ಸಮೀಪದ ಹೊಳೆಯ ಮೀನುಗಳನ್ನು ಯಾರೂ ಹಿಡಿಯದೆ ಕಾಪಾಡುವದನ್ನು ಅನೇಕರು ಕಂಡಿರುವಿರಿ. ಬೇರೆ ಕಡೆಗಳಲ್ಲಿಯಾದರೋ ಇದೇ ಸಮಯವನ್ನು ನೋಡಿ ಕಯಕ್ಕೆ ವಿಷವನ್ನೋ ತೋಟೆಯನ್ನೋ ಹಾಕುವವರಿದ್ದಾರೆ. ಬರುವ ವರುಷದ ಬೀಜವನ್ನೇ ಕುಟ್ಟಿ ಉಣ್ಣುವ ಒಕ್ಕಲಿಗನಿಗೂ ಇವರಿಗೂ ಏನು ಭೇದ?

ಎರಡನೇದು ದಡ. ತೋಡಿನ ದಡದಲ್ಲಿ ಮುಂಡೇವು, ಬೆತ್ತ, ಹೊಂಗೆ, ಅಶೋಕ ಇವುಗಳ ಬೇರು ಮಣ್ಣನ್ನು ಹಿಡಿದಿರುತ್ತದೆ. ಮುಂಡೇವಿನ ಎಲೆಯಿಂದ ಮೂಡೆ ಕಟ್ಟುವದನ್ನು ನಮ್ಮ ಹೆಂಗಸರು ಬಲ್ಲರು. ಅದರ ಬೇರು ದಡವನ್ನು ಕಟ್ಟುವದನ್ನು ನಾವೆಲ್ಲರೂ ತಿಳಿಯಬೇಕು. ಎಲ್ಲಿ ಇವುಗಳನ್ನು ಕಡಿದಿದ್ದಾರೋ ಅಲ್ಲಿ ದಡವು ಕುಸಿದದ್ದು ಕಾಣುವದು.

ಮೂರನೇದು ಮುದಿಮರಗಳು. ನಮ್ಮ ಘಟ್ಟದ ಬುಡದ ಕಾಡುಗಳಲ್ಲಿ ಮಂಗಟ್ಟೆ ಹಕ್ಕಿಯುಂಟು. ವಸಂತಕ್ಕೆ ಮುಂಚೆ ಅದರ ಹೆಣ್ಣು ದೊಡ್ಡ ಮರದ ಪೊಟರೆಯನ್ನು ಹೊಕ್ಕು, ಬಾಗಿಲನ್ನು ಮುಚ್ಚಿ, ಕೊಕ್ಕು ತೂರುವಷ್ಟೇ ಸೀಳನ್ನು ಬಿಟ್ಟುಕೊಳ್ಳುತ್ತದೆ. ಮೊಟ್ಟೆಯಿಟ್ಟು ಮರಿ ಮಾಡುವ ವಾರಗಳಲ್ಲೆಲ್ಲಾ ಗಂಡು ಹಣ್ಣುಗಳನ್ನು ತಂದು ಆ ಸೀಳಿನಿಂದ ಉಣಿಸುತ್ತದೆ. ಗಂಡಿಗೆ ಅಪಾಯವಾದರೆ ಒಳಗಿರುವವುಗಳ ಪ್ರಾಣಕ್ಕೇ ಸಂಕಟ. ಆಲ, ಅತ್ತಿ, ರಾಮಪತ್ರೆ ಮುಂತಾದ ಹಣ್ಣುಗಳನ್ನು ತಿಂದು ಬೀಜಗಳನ್ನು ದೂರದೂರಕ್ಕೆ ಬಿತ್ತುವ ಈ ಹಕ್ಕಿಯು ಕೂಲಿ ಕೇಳದ ವನಪಾಲಕನಾಗಿದೆ. ಆದರೆ ಪೊಟರೆ ಬೀಳುವಷ್ಟು ದಪ್ಪವಾಗುವದಕ್ಕೆ ಮರಕ್ಕೆ ಮೂರು ನಾಲ್ಕು ತಲೆಮಾರು ಬೇಕು. ನಾವು ಇಂದು ನೆಡುವ ಸಸಿ ಅದಕ್ಕೆ ಬದಲಾಗಲಾರದು. ಆದುದರಿಂದ ಹೊಸ ನೂರು ಸಸಿಗಳನ್ನು ನೆಡುವದಕ್ಕಿಂತ ಇರುವ ಒಂದು ಮುದಿಮರವನ್ನು ಉಳಿಸುವದೇ ಮೊದಲಿನ ಕೆಲಸವೆಂದು ತಿಳಿಯಿರಿ.

ನಾಲ್ಕನೇದು ಜೇನು. ತುಡುವೆ ಜೇನಿನವರಿಗೆ ವಸಂತವೇ ಸುಗ್ಗಿ. ರಬ್ಬರಿನ ಮರವು ಎಲೆ ಉದುರಿಸಿ ಚಿಗುರುವಾಗ ಎಳೇ ಎಲೆಯ ತೊಟ್ಟಿನ ತುದಿಯಲ್ಲಿ ಸಿಹಿರಸವು ಒಸರುತ್ತದೆ. ಹುಳಗಳು ಅದನ್ನು ಕೂಡಿಸಿ ಪೆಟ್ಟಿಗೆ ತುಂಬಿಸುತ್ತವೆ. ಆದರೆ ಆ ರಸವು ಕೆಲವೇ ವಾರಗಳದ್ದು. ಮರಿಗಳನ್ನು ಸಾಕುವದಕ್ಕೆ ಪರಾಗ ಬೇಕು. ಮಳೆಗಾಲದ ಉಪವಾಸವನ್ನು ದಾಟಿಸುವದಕ್ಕೆ ನಾನಾ ವಿಧದ ಕಾಡುಹೂಗಳು ಬೇಕು. ೧೯೯೧ರಿಂದೀಚೆಗೆ ದಕ್ಷಿಣ ಹಿಂದೂಸ್ಥಾನದಲ್ಲಿ ಮರಿಹುಳಗಳನ್ನು ಕೊಲ್ಲುವ ಥಾಯ್ ಸ್ಯಾಕ್‌ಬ್ರೂಡ್ ಎಂಬ ರೋಗವು ಹಬ್ಬಿ, ತುಡುವೆಯ ಕುಟುಂಬಗಳು ಲೆಕ್ಕವಿಲ್ಲದೆ ನಾಶವಾದವು. ಜೇನಿನವರು ಉಳಿದ ಕುಟುಂಬಗಳಿಂದ ಪುನಃ ಹೆಚ್ಚಿಸಿಕೊಳ್ಳಬೇಕಾಯಿತು. ಪೆಟ್ಟಿಗೆಯನ್ನಿಡುವದು ನಮ್ಮ ಕೈಯಲ್ಲಿದೆ. ಹುಳಕ್ಕೆ ವರುಷವಿಡೀ ಊಟವಿಡುವದು ಬೇಲಿಯ, ಕುಮ್ಕಿಯ, ತೋಡಿನ ಬದಿಯ ಗಿಡಗಳ ಕೈಯಲ್ಲಿದೆ.

ಐದನೇದು ಕಳೆ. ನಮ್ಮವರು ಕಮ್ಯುನಿಸ್ಟ್ ಗಿಡವೆಂದು ಕರೆಯುವ ಪರದೇಶದ ಪೊದೆಯು ಬರಿದಾದ ಗುಡ್ಡವನ್ನು ಕಂಡಲ್ಲೆಲ್ಲಾ ಹಬ್ಬುತ್ತದೆ. ಚಳಿಗಾಲದಲ್ಲಿ ಹೂ ಬಿಟ್ಟು, ವಸಂತದಲ್ಲಿ ಅದರ ಬೀಜವು ಹತ್ತಿಯಂತೆ ಗಾಳಿಯಲ್ಲಿ ಹಾರುತ್ತದೆ. ಒಣಗಿದ ಪೊದೆಗೆ ಒಂದು ಬೀಡಿಯ ಕಿಡಿ ತಾಗಿದರೆ ಗುಡ್ಡವೇ ಹತ್ತಿಕೊಳ್ಳುವದು. ಅದು ಎಲ್ಲೆಲ್ಲಿ ಇದೆಯೆಂದು ಈಗ ಬರೆದಿಡಬೇಕು. ಕೀಳುವ ಕಾಲವನ್ನು ಮುಂದೆ ಹೇಳುವೆನು.

೫. ಒಂದು ತಪ್ಪಿನಿಂದ ಕಲಿತದ್ದು

ಕೆಲವು ವರುಷಗಳ ಹಿಂದೆ ನಾನಿದ್ದ ಒಂದು ಊರಿನಲ್ಲಿ ನಡೆದದ್ದನ್ನು ಹೇಳುವೆನು. ವಸಂತವನ್ನು ಆಚರಿಸಬೇಕೆಂಬ ಉತ್ಸಾಹದಿಂದ ನಾನು ಮಕ್ಕಳನ್ನೂ ದೊಡ್ಡವರನ್ನೂ ಕೂಡಿಸಿ, ಬಿಸು ಕಳೆದ ವಾರದಲ್ಲಿ ಒಂದು ಪದವಿನ ಮೇಲೆ ನಾಲ್ವತ್ತು ಸಸಿಗಳನ್ನು ನೆಡಿಸಿದೆನು. ಹಾಡಿದೆವು, ಬೆಲ್ಲ ನೀರು ಕುಡಿದೆವು. ಮುರಕಲ್ಲು ಕಡಿಯುವ ಕೆಲಸ ಮಾಡಿ ಮುದುಕರಾಗಿದ್ದ ನೆರೆಯವರೊಬ್ಬರು ದೂರದಲ್ಲಿ ಕೂತು ನೋಡುತ್ತಿದ್ದರು. ಕಡೆಗೆ ಹತ್ತಿರ ಬಂದು,

“ಉಪದೇಶಿಗಳೇ, ಇದಕ್ಕೆ ನೀರು ಹೊಯ್ಯುವವರು ಯಾರು?” ಎಂದು ಕೇಳಿದರು.

“ಮಕ್ಕಳು ಸರದಿಯ ಮೇಲೆ ಹೊಯ್ಯುವರು, ಅಜ್ಜಾ,” ಎಂದೆನು.

“ಮಕ್ಕಳಿಗೆ ರಜೆಯಲ್ಲವೇ? ಅವರು ನೆಂಟರ ಮನೆಗೆ ಹೋದ ಮೇಲೆ? ತೋಡಿನಲ್ಲಿಯೇ ನೀರಿಲ್ಲ, ಹೊತ್ತು ತರುವದು ಎಲ್ಲಿಂದ?”

ನನಗೆ ಉತ್ತರ ತೋಚಲಿಲ್ಲ. ಜೂನ್ ತಿಂಗಳಲ್ಲಿ ಹೋಗಿ ನೋಡಿದಾಗ ನಾಲ್ವತ್ತರಲ್ಲಿ ಮೂರು ಮಾತ್ರ ಬದುಕಿದ್ದವು. ಅವುಗಳಲ್ಲಿ ಎರಡನ್ನು ದನಗಳು ತಿಂದವು. ಅದೇ ವಾರ ಆ ಅಜ್ಜನು ಒಂದು ಬುಟ್ಟಿ ಕಾಟುಮಾವಿನ ಗೊರಟುಗಳನ್ನು ಹೊತ್ತು ಬಂದು, ನನ್ನನ್ನು ಕರೆದುಕೊಂಡು ಹೋಗಿ, ಪೊದೆಗಳ ನಡುವೆ, ದನಗಳ ಬಾಯಿ ಮುಟ್ಟದ ಕಡೆ, ಒದ್ದೆ ಮಣ್ಣಿನಲ್ಲಿ ಒಂದೊಂದಾಗಿ ಊರಿದರು. ನಾವು ಅಂದು ಹಾಡಲಿಲ್ಲ. ಅವುಗಳಲ್ಲಿ ಹಲವು ಈಗ ನನ್ನ ತಲೆಗಿಂತ ಎತ್ತರವಾಗಿ ನಿಂತಿವೆ. ಅಜ್ಜನು ಅವುಗಳ ಹಣ್ಣು ತಿನ್ನುವದಕ್ಕೆ ಉಳಿಯಲಿಲ್ಲ.

ನನ್ನ ತಪ್ಪು ಎಲ್ಲಿಂದ ಬಂತು? ಚಳಿದೇಶದ ಪದ್ಧತಿಯನ್ನು ವಿಚಾರಿಸದೆ ತಂದದ್ದರಿಂದ. ೧೮೭೨ರ ಎಪ್ರಿಲ್ ೧೦ರಂದು ಅಮೇರಿಕದ ನೆಬ್ರಾಸ್ಕಾ ಸೀಮೆಯಲ್ಲಿ ಜೆ. ಸ್ಟರ್ಲಿಂಗ್ ಮಾರ್ಟನ್ ಎಂಬವರ ಪ್ರಯತ್ನದಿಂದ ಮರ ನೆಡುವ ಹಬ್ಬವು ಆರಂಭವಾಯಿತು. ಆ ಸೀಮೆಯಲ್ಲಿ ಎಪ್ರಿಲ್ ಎಂದರೆ ನೆಲವು ಹಸಿಯಾಗಿ ಬೇರು ಹಿಡಿಯುವ ಕಾಲ. ನಮ್ಮಲ್ಲಿಯಾದರೋ ಅದೇ ತಿಂಗಳು ಸಸಿಗೆ ಮರಣಕಾಲ. ಇದನ್ನು ತಿಳಿದೇ ನಮ್ಮ ದೇಶದಲ್ಲಿ ೧೯೫೦ರಲ್ಲಿ ಕೆ. ಎಂ. ಮುನ್ಷಿಯವರು ವನಮಹೋತ್ಸವವನ್ನು ಜುಲಾಯಿ ತಿಂಗಳಿಗೆ ಇಟ್ಟರು. ವಸಂತದಲ್ಲಿ ನಾವು ಮಾಡತಕ್ಕ ಕೆಲಸ ಕಾಣುವದು, ಗುರ್ತಿಸುವದು, ಕೂಡಿಸುವದು. ನೆಡುವದಕ್ಕೆ ಅದರದ್ದೇ ಕಾಲವುಂಟು.

೬. ವರುಷದ ಕೆಲಸದ ಕ್ರಮ

ಮಾರ್ಚಿ–ಎಪ್ರಿಲ್: ನಡಿಗೆ. ಬೆಂಕಿ ಬೀಳುವ ಕಡೆಗಳಲ್ಲಿ ತರಗೆಲೆಯನ್ನು ಅಗಲಕ್ಕೆ ಗುಡಿಸಿ ಬೆಂಕಿಗೆರೆ ಮಾಡಬೇಕು. ಗುಡಿಸಿದ್ದನ್ನು ಸುಡದೆ ಗಿಡಗಳ ಬುಡಕ್ಕೆ ಹಾಕಬೇಕು. ಒಳ್ಳೇ ತಾಯಿಮರಗಳನ್ನು ಗುರ್ತುಮಾಡಬೇಕು.

ಎಪ್ರಿಲ್–ಜೂನ್: ಬೀಜ ಕೂಡಿಸುವದು. ಬೀಜಗಳಲ್ಲಿ ಎರಡು ವಿಧವುಂಟು. ಮಾವು, ಹಲಸು, ಕಿರಾಲುಬೋಗಿ, ಧೂಪ ಇವುಗಳ ಬೀಜವು ಒಣಗಿದರೆ ಸಾಯುತ್ತದೆ. ಬಿದ್ದ ಕೆಲವೇ ದಿವಸಗಳಲ್ಲಿ ಬಿತ್ತಬೇಕು. ಕಕ್ಕೆ, ಅಂಟುವಾಳ ಇವುಗಳ ಬೀಜವು ಗಟ್ಟಿ ಸಿಪ್ಪೆಯದ್ದು. ಇಟ್ಟರೂ ಕೆಡದು, ಆದರೆ ಸಿಪ್ಪೆಯನ್ನು ಸ್ವಲ್ಪ ಉಜ್ಜಿ ನೀರಿನಲ್ಲಿ ನೆನೆಹಾಕದಿದ್ದರೆ ಬೇಗನೆ ಮೊಳೆಯದು.

ಜೂನ್–ಜುಲಾಯಿ: ನೆಡುವದು. ಎರಡು ಮೂರು ಒಳ್ಳೇ ಮಳೆ ಬಿದ್ದು ನೆಲವು ಆಳದ ತನಕ ನೆನೆದ ಮೇಲೆ ನೆಡತಕ್ಕದ್ದು. ತೋಡಿನ ದಡಕ್ಕೆ ದಡದ ಗಿಡ, ಗುಡ್ಡಕ್ಕೆ ಗುಡ್ಡದ ಗಿಡ. ಬೇಗನೆ ಬೆಳೆಯುವದೆಂಬ ಆಶೆಯಿಂದ ಅಕೇಶಿಯಾ ಒಂದನ್ನೇ ನೆಡಬಾರದು. ಅದರಲ್ಲಿ ಹಕ್ಕಿಗೆ ಹಣ್ಣಿಲ್ಲ, ದನಕ್ಕೆ ಸೊಪ್ಪಿಲ್ಲ. ಸುತ್ತಲೂ ಮುಳ್ಳಿನ ಗೆಲ್ಲುಗಳನ್ನು ಇಡಬೇಕು.

ಸೆಪ್ಟೆಂಬರ್–ಒಕ್ಟೋಬರ್: ಕಳೆ ಕೀಳುವದು. ಆಗ ಮಣ್ಣು ಮೆತ್ತಗಿರುವದರಿಂದ ಕಮ್ಯುನಿಸ್ಟ್ ಗಿಡವು ಬೇರುಸಹಿತ ಬರುತ್ತದೆ. ಹೂ ಇನ್ನೂ ಬಿಟ್ಟಿರುವದಿಲ್ಲ. ಕಿತ್ತದ್ದನ್ನು ಸಸಿಗಳ ಬುಡಕ್ಕೆ ಹಾಸಿದರೆ ಬೇಸಗೆಯಲ್ಲಿ ತಂಪು ಉಳಿಯುವದು.

ನವೆಂಬರ್–ಜನವರಿ: ಕಟ್ಟ ಕಟ್ಟುವದು. ಮಳೆ ನಿಂತು ತೋಡಿನ ಹರಿವು ಇಳಿಯುವಾಗ ಕಲ್ಲು, ಮಣ್ಣು, ಅಡಿಕೆಯ ಸಲಾಕೆಗಳಿಂದ ಅಡ್ಡಕಟ್ಟ ಹಾಕುವದು ನಮ್ಮ ಕಡೆಯ ಹಳೇ ಪದ್ಧತಿ. ನಿಂತ ನೀರು ಎರಡು ಬದಿಯ ಬಾವಿಗಳಿಗೆ ಇಳಿಯುತ್ತದೆ. ಒಂದು ತೋಡಿಗೆ ಒಂದೇ ಕಟ್ಟ ಸಾಲದು. ಮೇಲಿಂದ ಕೆಳಗಿನ ವರೆಗೆ ಸಾಲಾಗಿ ಇದ್ದರೆ ಎಲ್ಲರಿಗೂ ಪಾಲು ದೊರಕುವದು. ಕಟ್ಟದ ಮೇಲಿಂದ ನೀರು ಕೆಳಗಿನವರಿಗೆ ಹರಿದು ಹೋಗುವಂತೆ ನೋಡಿಕೊಳ್ಳಬೇಕು.

ತಿರಿಗಿ ಮಾರ್ಚಿಯಲ್ಲಿ: ಎಣಿಸುವದು. ನೆಟ್ಟವುಗಳ ಲೆಕ್ಕವನ್ನು ಯಾರಾದರೂ ಹೇಳಬಹುದು. ಮೊದಲನೇ ಬೇಸಗೆಯನ್ನು ದಾಟಿ ಬದುಕಿದವುಗಳ ಲೆಕ್ಕವೇ ನಿಜವಾದ ಲೆಕ್ಕ.

ಒಂದು ಎಚ್ಚರಿಕೆಯ ಮಾತು. ಮೀಸಲು ಅರಣ್ಯದಲ್ಲಿ ಅರಣ್ಯ ಇಲಾಖೆಯವರ ಅಪ್ಪಣೆಯಿಲ್ಲದೆ ಏನನ್ನೂ ಮಾಡಬಾರದು. ಕುಮ್ಕಿಯು ಸರಕಾರದ ನೆಲವಾದ್ದರಿಂದ ಅಲ್ಲಿಯೂ ಮೊದಲು ವಿಚಾರಿಸಿಕೊಳ್ಳಬೇಕು. ೨೦೦೨ರ ಜೀವವೈವಿಧ್ಯ ಕಾಯಿದೆಯ ಪ್ರಕಾರ ಗ್ರಾಮ ಪಂಚಾಯತಿಗಳಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿಯೂ, ಊರಿನ ಗಿಡಮರ ಪ್ರಾಣಿಗಳನ್ನು ಬರೆದಿಡುವ ದಾಖಲೆಯೂ ಇರತಕ್ಕದ್ದು. ನಡಿಗೆಯಲ್ಲಿ ಬರಕೊಂಡದ್ದನ್ನು ಆ ಸಮಿತಿಗೆ ಕೊಟ್ಟರೆ ನಮ್ಮ ಪುಸ್ತಕವು ಪೆಟ್ಟಿಗೆಯಲ್ಲಿ ಕೊಳೆಯದೆ ಊರಿನ ಸೊತ್ತಾಗುವದು.

೭. ಕೆಲವು ಮಾದರಿಗಳು

ಇಂಥ ಕೆಲಸವು ಓದಿದವರಿಗೂ ಹಣವಂತರಿಗೂ ಮಾತ್ರ ಸಾಧ್ಯವೆಂದು ಯಾರೂ ಹೇಳಬಾರದು. ಉತ್ತರ ಕನ್ನಡದ ಅಂಕೋಲೆಯ ಹೊನ್ನಳ್ಳಿಯ ತುಳಸಿ ಗೌಡರು ಶಾಲೆಗೆ ಹೋದವರಲ್ಲ. ಅರಣ್ಯ ಇಲಾಖೆಯ ಸಸಿಮಡಿಯಲ್ಲಿ ಕೂಲಿಗೆ ಸೇರಿ, ಯಾವ ತಾಯಿಮರದ ಬೀಜ ಒಳ್ಳೇದು, ಅದನ್ನು ಯಾವಾಗ ತೆಗೆಯಬೇಕು ಎಂಬದನ್ನು ಕಣ್ಣಿನಿಂದಲೇ ಕಲಿತರು. ೨೦೨೧ರಲ್ಲಿ ಅವರು ಬರಿಗಾಲಿನಲ್ಲಿ ನಡೆದು ಹೋಗಿ ರಾಷ್ಟ್ರಪತಿಗಳ ಕೈಯಿಂದ ಪದ್ಮಶ್ರೀಯನ್ನು ತೆಗೆದುಕೊಂಡರು. ೨೦೨೪ರ ದಶಂಬರದಲ್ಲಿ ತೀರಿಹೋದರು. ನಮಗೆ ಇನ್ನೂ ಹತ್ತಿರದಲ್ಲಿ, ಅಡ್ಯನಡ್ಕದ ಸಮೀಪದ ಅಮೈ ಮಹಾಲಿಂಗ ನಾಯ್ಕರು ಕೂಲಿಕೆಲಸ ಮಾಡುತ್ತಲೇ ನೀರಿಲ್ಲದ ಗುಡ್ಡದ ಓರೆಯಲ್ಲಿ ತಾವೊಬ್ಬರೇ ಸುರಂಗ ಕೊರೆದರು. ಸುರಂಗದ ಮೇಲೆ ಸುರಂಗ ಒಣಗಿದ್ದೇ ಸಿಕ್ಕಿದರೂ ಬಿಡದೆ, ಕಡೆಗೆ ನೀರನ್ನು ಕಂಡು ತೋಟ ಮಾಡಿದರು. ೨೦೨೨ರಲ್ಲಿ ಅವರಿಗೂ ಪದ್ಮಶ್ರೀ ದೊರಕಿತು.

ಕೂಡಿ ನಡೆಯುವದರ ಬಲಕ್ಕೂ ದೃಷ್ಟಾಂತವುಂಟು. ೧೯೮೭ರ ನವೆಂಬರಿನಲ್ಲಿ ಒಂದು ಗುಂಪು ಕನ್ಯಾಕುಮಾರಿಯಿಂದಲೂ, ಇನ್ನೊಂದು ಮಹಾರಾಷ್ಟ್ರದ ನವಾಪುರದಿಂದಲೂ ಹೊರಟು, ಪಶ್ಚಿಮ ಘಟ್ಟದ ಉದ್ದಕ್ಕೂ ಊರೂರುಗಳನ್ನು ನೋಡುತ್ತಾ ಕೇಳುತ್ತಾ ನಡೆದು, ೧೯೮೮ರ ಫೆಬ್ರವರಿಯಲ್ಲಿ ಗೋವೆಯಲ್ಲಿ ಕೂಡಿಕೊಂಡವು. ಘಟ್ಟವು ಒಂದೇ, ಅದರ ಸಂಕಟವೂ ಒಂದೇ ಎಂಬದು ಆ ನಡಿಗೆಯಿಂದ ಅನೇಕರಿಗೆ ತಿಳಿದು ಬಂತು. ನಾವು ನೂರು ದಿವಸ ನಡೆಯಬೇಕಾಗಿಲ್ಲ. ವರುಷಕ್ಕೊಂದು ಬೆಳಿಗ್ಗೆ, ಒಂದು ತೋಡು, ಇಷ್ಟೇ ಸಾಕು.

ಕಡೇ ಮಾತು

೨೦೧೮ರ ಆಗಸ್ಟಿನಲ್ಲಿ ಸಂಪಾಜೆಯ ಮೇಲುಗಡೆ ಜೋಡುಪಾಲದಲ್ಲಿ ಗುಡ್ಡ ಜರಿದಾಗ, ಮೇಲಿನವರ ಕಷ್ಟವು ಕೆಳಗಿನವರಿಗೆ ಎಷ್ಟು ಹತ್ತಿರವಾದದ್ದೆಂದು ಸುಳ್ಯದವರು ಕಂಡರು. ಅಂಥ ದೊಡ್ಡ ಕೇಡುಗಳನ್ನು ತಡೆಯುವ ಶಕ್ತಿ ಒಂದು ಊರಿಗೆ ಇರಲಿಕ್ಕಿಲ್ಲ. ಆದರೆ ತನ್ನ ತೋಡು ಎಪ್ರಿಲಿನಲ್ಲಿ ಒಂದು ವಾರ ಹೆಚ್ಚು ಹರಿಯುವಂತೆ ಮಾಡುವ ಶಕ್ತಿ ಪ್ರತಿಯೊಂದು ಊರಿಗೂ ಇದೆ. ಈ ವರುಷ ನೀರು ಎಲ್ಲಿ ನಿಂತಿತೋ ಅಲ್ಲಿ ಒಂದು ಕಲ್ಲನ್ನು ನಿಲ್ಲಿಸಿ ಗುರ್ತು ಮಾಡಿರಿ. ಮುಂದಿನ ವಸಂತದಲ್ಲಿ ಅದೇ ದಿನ ಅದೇ ದಾರಿಯಲ್ಲಿ ನಡೆದು ಬನ್ನಿರಿ. ನೀರು ಆ ಕಲ್ಲಿನಿಂದ ಹತ್ತು ಹೆಜ್ಜೆ ಮೇಲಕ್ಕೆ ಕಂಡರೆ, ಆ ದಿನ ಮಕ್ಕಳ ಕೈಯಲ್ಲಿ ಕೇಪುಳದ ಹೂ ಕೊಟ್ಟು ಸಂತೋಷವಾಗಿ ಹಾಡಬಹುದು.

ಕೂಟಗಳಲ್ಲಿ ವಿಚಾರಿಸತಕ್ಕ ಪ್ರಶ್ನೆಗಳು

೧. ನಮ್ಮ ವಸಂತಕ್ಕೂ ಚಳಿದೇಶದ ವಸಂತಕ್ಕೂ ಇರುವ ಭೇದವೇನು? ಸಸಿ ನೆಡುವ ಕಾಲವು ಅದರಿಂದ ಹೇಗೆ ಬದಲಾಗುತ್ತದೆ?

೨. ನಿಮ್ಮ ಮನೆಯ ಸಮೀಪದ ತೋಡಿನ ಹೆಸರೇನು? ಅದು ಎಲ್ಲಿ ಹುಟ್ಟಿ ಯಾವ ಹೊಳೆಯನ್ನು ಸೇರುತ್ತದೆ? ಈ ವರುಷ ಯಾವ ತಿಂಗಳಲ್ಲಿ ನಿಂತಿತು? ನಿಮ್ಮ ಅಜ್ಜ ಅಜ್ಜಿಯರ ಕಾಲದಲ್ಲಿ?

೩. ನಿಮ್ಮ ಮನೆಯ ಮಾಡಿನ ಮೇಲೆ ಒಂದು ವರುಷದಲ್ಲಿ ಬೀಳುವ ನೀರು ಎಷ್ಟು ಲೀಟರು? ಲೆಕ್ಕ ಮಾಡಿರಿ.

೪. ಮುದಿಮರವನ್ನು ಉಳಿಸುವದು ಹೊಸ ಸಸಿಯನ್ನು ನೆಡುವದಕ್ಕಿಂತ ಮೊದಲಿನ ಕೆಲಸವಾದದ್ದು ಯಾಕೆ?

೫. ಒಣಗಿದರೆ ಸಾಯುವ ಬೀಜಗಳು ಯಾವವು? ಇಟ್ಟರೂ ಕೆಡದವುಗಳು ಯಾವವು?

೬. ನಿಮ್ಮ ತೋಡಿನ ಮೇಲುಗಡೆಯವರ ಯಾವ ಕೆಲಸವು ನಿಮಗೆ ತೊಂದರೆಯಾಗಿದೆ? ನಿಮ್ಮ ಯಾವ ಕೆಲಸವು ಕೆಳಗಿನವರಿಗೆ ತೊಂದರೆಯಾಗಿದೆ? ಎರಡನೇ ಪ್ರಶ್ನೆಗೆ ಮೊದಲು ಉತ್ತರ ಹೇಳಿರಿ.